ಗೆರೆಯಾಚೆ ನಿಲ್ಲುವ ಅತ್ತೆ

ಸೊಸೆ ತನ್ನ ಅತ್ತೆಯನ್ನು ಮೊದಲು ಕಂಡದ್ದು ಮದುವೆಗೆ ಮುಂಚೆ, ಬಸ್ ನಿಲ್ದಾಣದಲ್ಲಿ. ಬಸ್ಸು ಹೊರಟಿತ್ತು, ಎಲ್ಲರೂ ಎದ್ದುಬಿದ್ದು ಓಡುತ್ತಿದ್ದರು. ಒಂದು ಕಾಲದಲ್ಲಿ ಗಂಡಸರಿಗೇ ಮೀಸಲಾಗಿದ್ದ ಓಟದಲ್ಲಿ ಓಡಿ ಗೆದ್ದ ಊರಿನ ಮೊದಲ ಹೆಣ್ಣಾದ ಅತ್ತೆ ಮಾತ್ರ ಸೀರೆಯ ಅಂಚನ್ನು ಕೆಳಗೆಳೆದುಕೊಳ್ಳುತ್ತಾ ಮೆಲ್ಲಗೆ ನಡೆಯುತ್ತಿದ್ದರು. "ಓಡಿ, ಬಸ್ ತಪ್ಪುತ್ತೆ!" ಎಂದು ಸೊಸೆ ಕೂಗಿದರೆ, "ನನ್ನ ಪಾಲಿನ ಓಟ ಮುಗೀತಮ್ಮ, ಇನ್ನು ಬಸ್ಸೇ ಓಡ್ಲಿ" ಎಂದರು. ಮನೆಯಲ್ಲೂ ಅಷ್ಟೆ. ಹಾಲು ಉಕ್ಕಿದರೂ ಅತ್ತೆ ನಡೆದೇ ಹೋಗುವವರು. ಅಷ್ಟರಲ್ಲಿ ಹಾಲೇ ಬಾಗಿಲವರೆಗೆ ಬಂದು ಅವರನ್ನು ಎದುರುಗೊಳ್ಳುತ್ತಿತ್ತು. ಕುರ್ಚಿಯಲ್ಲಿ ಕೂತರೆ ಮೊದಲು ಕಾಲು ಮುಚ್ಚಿಕೊಳ್ಳಬೇಕು, ಮಾತು ಆಮೇಲೆ. "ಇವಳ ಹಿಮ್ಮಡಿ ನೋಡೋಕೆ ನಂಗೆ ಹತ್ತು ವರ್ಷ ಬೇಕಾಯ್ತು" ಎಂದು ಮಾವ ಎಲ್ಲರನ್ನೂ ನಗಿಸುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. ಒಮ್ಮೆ ಬಟ್ಟೆ ಮಡಿಸುತ್ತಾ ಸೊಸೆಗೆ ಮಾತ್ರ ಹೇಳಿದರು: "ಗೆದ್ದಾಗ ಚಡ್ಡೀಲಿದ್ದೆ. ಲಂಗ ಓಟ ಶುರುವಾದ ಕಡೇಲೇ ಉಳಿದಿತ್ತು. ಅದನ್ನ ತರೋಕೆ ಅಷ್ಟೂ ಜನರ ಮುಂದೆ ವಾಪಸ್ ನಡೆದೆ. ಆ ನೋಟ ಇನ್ನೂ ಕಾಲಿಗೆ ಅಂಟ್ಕೊಂಡಿದೆ ಕಣೇ. ಅಪ್ಪ ಅಲ್ಲೇ ಇದ್ರು, ಮುಖ ತಿರುಗಿಸಿಕೊಂಡ್ರು." ಈಗ ಶಾಲೆಯ ಹುಡುಗಿಯರ ಓಟವಿದ್ದಾಗಲೆಲ್ಲ ಅತ್ತೆ ಅವರ ಪ್ಯಾಂಟುಗಳನ್ನು ತೋಳಿನ ಮೇಲೆ ಹೇರಿಕೊಂಡು ಕೊನೆಯ ಗೆರೆಯಾಚೆ ಕಾಯುತ್ತಾರೆ. "ಸೆಕೆ ಅಜ್ಜಿ, ಆಮೇಲೆ!" ಎಂದು ಹುಡುಗಿಯರು ಚಡ್ಡಿಯಲ್ಲೇ ಕುಣಿಯುತ್ತಾ ಹೋಗುತ್ತಾರೆ. ಅತ್ತೆ ಹಿಡಿದುಕೊಂಡೇ ನಿಂತಿರುತ್ತಾರೆ.