ಎದುರಾದ ಸಮಸ್ಯೆ, ಸಾಕಿದ ಸಮಸ್ಯೆ

ಲಿಫ್ಟ್ ರಿಪೇರಿ ಕಂಪನಿಗೆ ಗುಮಾಸ್ತೆಯಾಗಿ ಸೇರಿದ ದಿನ ಸಂಜೆ ಅವಳು ಸೂಪರ್‌ವೈಸರ್‌ನನ್ನು ಮೊದಲ ಸಲ ಕಂಡಳು. ಎಡಗೈಯಲ್ಲಿ ಟೀ ಲೋಟ, ಬಲಗೈಯಲ್ಲಿ ಅವಳ ಮೊದಲ ವರದಿ ಹಿಡಿದು ಅವನು ಮೇಜಿನ ಅಂಚಿನಲ್ಲಿ ಕೂತಿದ್ದ. ‘ವಿ ರ‍್ಯಾನ್ ಇನ್‌ಟು ಎ ಪ್ರಾಬ್ಲಮ್’, ಅಂದರೆ ನಮಗೊಂದು ಸಮಸ್ಯೆ ಎದುರಾಯಿತು ಎನ್ನುವುದನ್ನು ಅವಳು ತಿರುವುಮುರುವಾಗಿ ‘ಎ ಪ್ರಾಬ್ಲಮ್ ರ‍್ಯಾನ್ ಇನ್‌ಟು ಅಸ್’ ಎಂದು ಬರೆದಿದ್ದಳು.

“ಸಮಸ್ಯೆನೇ ಓಡಿ ಬಂದು ನಿಮಗೆ ಗುದ್ದಿತೇನಮ್ಮಾ? ಪೆಟ್ಟು ಜೋರಾಯ್ತಾ?” ಎಂದ. ಮೆಕ್ಯಾನಿಕ್‌ಗಳೆಲ್ಲ ಬಿದ್ದು ಬಿದ್ದು ನಕ್ಕರು. ಅವಳು ಹಲ್ಲು ಮಸೆಯುತ್ತಲೇ ಆ ಮಾತನ್ನು ಎಲ್ಲಿ, ಹೇಗೆ ಬಳಸಬೇಕೆಂದು ಕಲಿತಳು.

ಆರು ವರ್ಷದ ಮೇಲೆ ಎಲ್ಲರ ವರದಿ ತಿದ್ದುವ ಕೆಲಸ ಅವಳಿಗೇ ಬಂತು. ಒಮ್ಮೆ ಆಸ್ಪತ್ರೆಯೊಂದರ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತು ರೋಗಿಯೊಬ್ಬರು ಸಿಕ್ಕಿಹಾಕಿಕೊಂಡರು. ಸೂಪರ್‌ವೈಸರ್ ತನ್ನ ವರದಿಯಲ್ಲಿ ಅದೇ ಇಂಗ್ಲಿಷ್ ಮಾತನ್ನು ಬರೆದು ಕೈತೊಳೆದುಕೊಂಡಿದ್ದ. ಬ್ರೇಕ್ ಸವೆದಿದೆ ಎಂದು ಮೆಕ್ಯಾನಿಕ್ ಮೂರು ಸಲ ಕೊಟ್ಟಿದ್ದ ಚೀಟಿಗಳ ಮೇಲೆ ‘ಆಮೇಲೆ ನೋಡೋಣ’ ಎಂದು ಸಹಿ ಹಾಕಿದವನೂ ಅವನೇ.

“ಎಲ್ಲಾ ಸರಿಯಾಗಿದೆಯಲ್ಲಮ್ಮಾ, ಕಳಿಸಿಬಿಡಿ.”

“ಅದು ದಾರೀಲಿ ಎದುರಾದ ಸಮಸ್ಯೆಗೆ ಹೇಳೋ ಮಾತು ಸಾರ್. ಇದು ನೀವೇ ಸಾಕಿದ್ದು.”

ಅವಳು ಆ ಸಾಲಿಗೆ ಕೆಂಪು ಗೀಟೆಳೆದು, ಅವನ ಹೆಸರು ಬರೆದು, ಮೂರೂ ಚೀಟಿ ಲಗತ್ತಿಸಿ ಮೇಲಕ್ಕೆ ಕಳಿಸಿದಳು. ಅವನ ಕೆಲಸ ಹೋಯಿತು. ಅವಳ ಹೊಟ್ಟೆ ತಣ್ಣಗಾಯಿತು.

ಈಗ ಅವಳು ಹೊಸ ಮೆಕ್ಯಾನಿಕ್‌ಗಳಿಗೆ ವರದಿ ಬರೆಯುವುದನ್ನು ಕಲಿಸುತ್ತಾಳೆ.