ನೀಲಮ್ಮನ ಪಾಲಿಗೆ ಬಂದ ಅಂಬಾಸಿಡರ್

ಕೊರೊನಾ ಮುಗಿದು ಬಸ್ಸುಗಳು ಮತ್ತೆ ತುಂಬಿಕೊಂಡು ಓಡಾಡತೊಡಗಿದ್ದ ವರ್ಷ ಅದು. ಸರ್ಕಾರಿ ಐಟಿಐಯ ಶೀಟ್ ಮೆಟಲ್ ವಿಭಾಗದಲ್ಲಿ ಬೋಧಕಿಯಾಗಿದ್ದ ನಾನು ನಿವೃತ್ತಳಾಗಿ ಎರಡನೆಯ ಬೇಸಿಗೆ. ತಗಡನ್ನು ಅಳೆದು, ಕತ್ತರಿಸಿ, ಬಗ್ಗಿಸಿ, ಬೆಸೆಯುವ ವಿದ್ಯೆಗೆ ಶೀಟ್ ಮೆಟಲ್ ಎನ್ನುತ್ತಾರೆ. ಹೆಣ್ಣುಮಗಳು ಈ ಕೆಲಸಕ್ಕೆ ಯಾಕೆ ಬಂದಳು ಎಂದು ಸೇವೆಗೆ ಸೇರಿದ ದಿನ ಕೇಳಿದವರು, ಬೀಳ್ಕೊಡುಗೆಯ ಭಾಷಣದಲ್ಲೂ ಅದನ್ನೇ ಕೇಳಿದರು. ಉತ್ತರ ಹೇಳಿ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ರಾಯಚೂರಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಶೆಡ್ ಹಾಕಿಸಿ, ವೆಲ್ಡಿಂಗ್ ಸೆಟ್ ತಂದಿಟ್ಟುಕೊಂಡೆ. ಟ್ರ್ಯಾಕ್ಟರಿನ ಮಡ್‌ಗಾರ್ಡು, ಹಳೆಯ ಸ್ಕೂಟರಿನ ಮೈ, ಇಂಥ ಕೆಲಸಗಳು ಬರುತ್ತಿದ್ದವು. ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತರಾದ ನಮ್ಮ ಯಜಮಾನರಿಗೆ ಈ ಶೆಡ್ಡಿನ ಸದ್ದು ಆಗಿಬರುತ್ತಿರಲಿಲ್ಲ. ಬಂದವರನ್ನು ಕೂರಿಸಿ ಚಹಾ ಕೊಡುವುದಷ್ಟೇ ಅವರ ಇಲಾಖೆ.

ಆ ಬೇಸಿಗೆಯ ಒಂದು ಬೆಳಿಗ್ಗೆ ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಿಂದ ಒಂದು ಟ್ರ್ಯಾಕ್ಟರ್ ಬಂದು ನಮ್ಮ ಗೇಟಿನ ಮುಂದೆ ನಿಂತಿತು. ಟ್ರೇಲರಿನಲ್ಲಿ ಹಗ್ಗ ಬಿಗಿದ ಒಂದು ಅಂಬಾಸಿಡರ್ ಕಾರು. ಒಂದು ಕಾಲಕ್ಕೆ ಅದರ ಬಣ್ಣ ಬಿಳಿ ಎಂದು ಯಾರಾದರೂ ಹೇಳಿದರೆ ನಂಬಬೇಕು, ನೋಡಿದರೆ ಗೊತ್ತಾಗುವಂತಿರಲಿಲ್ಲ. ಜೊತೆಗೆ ಬಂದವರು ಇಬ್ಬರು. ಒಬ್ಬಳು ನೀಲಮ್ಮ, ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಇನ್ನೊಬ್ಬರು ಅವಳ ಅಣ್ಣ ಶರಣಪ್ಪ, ಚೀಕಲಪರ್ವಿಯಲ್ಲಿ ಭತ್ತ ಬೆಳೆಯುವವರು. ಕಾರು ತೀರಿಹೋದ ಅವರ ತಂದೆಯದು.

ನಾನು ಸ್ಕ್ರೂ ಡ್ರೈವರ್ ತೆಗೆದುಕೊಂಡು ಬಾಗಿಲ ಕೆಳಗೆ ಒತ್ತಿದೆ. ಹಪ್ಪಳಕ್ಕೆ ಬೆರಳು ಹಾಕಿದ ಹಾಗೆ ಒಳಗೆ ಹೋಯಿತು. ಅಲ್ಲಿ ಉದ್ದಕ್ಕೂ ಓಡುವ ಉಕ್ಕಿನ ಪೆಟ್ಟಿಗೆಯಂಥ ಭಾಗಕ್ಕೆ ಸಿಲ್ ಎನ್ನುತ್ತಾರೆ. ಲಾರಿಗಿರುವಂತೆ ಮೈ ಹೊರುವ ಬೇರೆ ಚಾಸಿ ಈ ಕಾರಿಗೆ ಇರುವುದಿಲ್ಲ. ಇಡೀ ಮೈ ನಿಂತಿರುವುದು ಸಿಲ್ ಮತ್ತು ನೆಲದ ತಗಡಿನ ಮೇಲೆ. ಎಡಗಡೆ ಸಿಲ್ ಹೆಸರಿಗೆ ಮಾತ್ರ ಇತ್ತು. ಹಿಂದಿನ ಸೀಟಿನ ಕೆಳಗೆ ನೆಲ ಇರಲೇ ಇಲ್ಲ, ಟ್ರೇಲರಿನ ಹಲಗೆ ಕಾಣುತ್ತಿತ್ತು.

ನನಗೆ ಆಶ್ಚರ್ಯವಾದದ್ದು ತುಕ್ಕು ನೋಡಿ ಅಲ್ಲ, ಅದು ನಮ್ಮ ಸೀಮೆಯಲ್ಲಿ ಹಿಡಿದದ್ದು ನೋಡಿ. ರಾಯಚೂರಿನ ಬಿಸಿಲಿಗೆ ಕಬ್ಬಿಣದ ಮೇಲೆ ಕೆಂಪು ಪುಡಿ ಏಳುತ್ತದೆ, ಅಷ್ಟೆ. ಇಷ್ಟು ಆಳಕ್ಕೆ ತಿನ್ನುವ ತೇವ ನಮ್ಮಲ್ಲೆಲ್ಲಿದೆ? ಒಳಗೆ ಕೈ ಹಾಕಿ ಗೀರಿದಾಗ ಬಿಳಿ ಹರಳು ಉದುರಿದವು.

"ಇದರಾಗ ಗೊಬ್ಬರದ ಚೀಲ ಒಟ್ಟಿದ್ರೇನ್ರಿ?" ಎಂದೆ.

"ಹೌದ್ರಿ. ಭಾಳ ವರ್ಷ ಇದರಾಗೇ ಇಡ್ತಿದ್ವಿ. ಮಳಿ ಬಡಿಬಾರ್ದಂತ," ಎಂದರು ಶರಣಪ್ಪ.

"ಮಳಿ ಯಾವುದಕ್ಕ ಬಡಿಬಾರ್ದಂತ, ಗಾಡಿಗೋ?"

"ಗೊಬ್ಬರಕ್ರಿ."

ಸಿಟ್ಟು ಬಂದರೂ ನಗು ತಡೆಯಲಾಗಲಿಲ್ಲ. ಪೊಟ್ಯಾಷ್ ಗೊಬ್ಬರ ಉಪ್ಪಿನ ಜಾತಿಯದು. ಗಾಳಿಯ ತೇವ ಎಳೆದುಕೊಂಡು ಕಬ್ಬಿಣದ ಮೇಲೆ ಕೂತುಬಿಟ್ಟರೆ ತಿನ್ನುತ್ತಲೇ ಇರುತ್ತದೆ. ಗುಜರಿಗೆ ಕೊಡಿ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀಲಮ್ಮ ನನ್ನನ್ನು ಬದಿಗೆ ಕರೆದಳು.

ಅವಳ ತಂದೆ ಕೂಲಿಯವರ ಮಗ. ಸಾಲ ಮಾಡಿ ಈ ಕಾರು ಕೊಂಡು ಮಾನ್ವಿಗೂ ರಾಯಚೂರಿಗೂ ಬಾಡಿಗೆಗೆ ಓಡಿಸಿ, ಆ ದುಡಿಮೆಯಲ್ಲಿ ಹೊಲ ಮಾಡಿದವರು. ಹೊಲದಲ್ಲಿ ಮಗಳಿಗೂ ಕಾನೂನಿನ ಪ್ರಕಾರ ಪಾಲಿದೆ. ಆದರೆ ನಮ್ಮ ಕಡೆಯ ರೂಢಿ ಬೇರೆ. ಮಗಳಿಗೆ ಸೀರೆ ಉಡಿಸಿ, ಉಡಿ ತುಂಬಿ, ಹಕ್ಕು ಬಿಟ್ಟೆನೆಂಬ ಪತ್ರಕ್ಕೆ ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ನೀಲಮ್ಮನನ್ನೂ ಹಾಗೆ ಕೂರಿಸಿದಾಗ ಅವಳು ಹಿರಿಯರ ಮುಂದೆ ಒಂದು ಮಾತು ಆಡಿದ್ದಳು: ಸೀರೆ ಬೇಡ, ಅಪ್ಪನ ಗಾಡಿ ಕೊಡಿ, ಅದು ನನ್ನ ಹೆಸರಿಗೆ ಆಗಿ ಓಡಿದ ದಿನ ಸಹಿ ಹಾಕುತ್ತೇನೆ. ಶರಣಪ್ಪ ನಕ್ಕು ಒಪ್ಪಿದರು. ಹಾಗೇ ಒಂದು ಗಡುವನ್ನೂ ಸೇರಿಸಿದರು. ಬರುವ ಯುಗಾದಿಯೊಳಗೆ ಓಡದಿದ್ದರೆ ಗಾಡಿ ಗುಜರಿಗೆ, ಸಹಿ ಮಾತ್ರ ಬೀಳಬೇಕು.

"ಅಂದ್ರ ಗಾಡಿ ಆಗಲಿಲ್ಲಂದ್ರ ಎರಡೂ ಹೋದ್ವು," ಎಂದೆ.

"ಹೌದ್ರಿ ಅಕ್ಕಾರ."

"ತುಕ್ಕಿಗೆ ಹೊಲ ಬಿಡ್ತೀಯಲ್ಲವ್ವ, ತಲಿ ನೆಟ್ಟಗದ ಏನು?"

"ಹೊಲಾ ದುಡದು ತಂದದ್ದು ಈ ಗಾಡೀನ ರೀ, ಹೊಲದ ತಾಯಿ ಇದು. ಅಣ್ಣಗ ಕೂಸು, ನನಗ ತಾಯಿ."

ಮುಖ ಗಂಟಿಕ್ಕಿಕೊಂಡೇ ಒಪ್ಪಿದೆ. ಒಂದೇ ಷರತ್ತು ಹಾಕಿದೆ. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವ ಕೆಲಸ ನನ್ನ ಶೆಡ್ಡಿನಲ್ಲಿ ಆಗದು.

ಮೊದಲು ಮಾಡಿದ ಕೆಲಸ ಕಾರಿಗೆ ಸ್ನಾನ. ತುಕ್ಕು ಹಿಡಿದದ್ದಕ್ಕೆ ಮತ್ತೆ ನೀರು ಹಾಕುತ್ತಾಳೆ, ಇವಳೆಂಥ ಮೇಷ್ಟರು ಎಂದು ಶರಣಪ್ಪ ಊರಲ್ಲಿ ಹೇಳಿಕೊಂಡು ನಕ್ಕರಂತೆ. ಆದರೆ ಮೂಲೆಮೂಲೆಯಲ್ಲಿ ಕೂತ ಗೊಬ್ಬರದ ಉಪ್ಪು ಕರಗಿ ಹೋಗುವ ಮುಂಚೆ ಬೆಸೆದರೆ ಹೊಸ ತಗಡನ್ನೂ ಅದು ತಿನ್ನುತ್ತದೆ. ತೊಳೆದು ಬಿಸಿಲಿಗೆ ಬಿಟ್ಟರೆ ನಮ್ಮೂರಲ್ಲಿ ಒಣಗುವುದಕ್ಕೆ ಎಷ್ಟು ಹೊತ್ತು ಬೇಕು!

ಆಮೇಲೆ ಬಾಗಿಲುಗಳನ್ನು ಬಿಚ್ಚಿ, ಆ ತೆರಪುಗಳಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆದೆ. ಸಿಲ್ ಕತ್ತರಿಸಿದಾಗ ಮೈ ಕುಸಿಯದಂತೆ ಹಿಡಿದುಕೊಳ್ಳುವ ಆಸರೆ ಅದು. ಬೆಳಿಗ್ಗೆ ಹತ್ತರೊಳಗೆ ಮಾತ್ರ ಕೆಲಸ. ಆಮೇಲೆ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸುತ್ತಾ ಹೋದೆ. ಸಿಗಲಿಲ್ಲ. ಇನ್ನೂ ಕತ್ತರಿಸಿದೆ. ಒಂದು ಹಂತದಲ್ಲಿ ಕಾರಿಗಿಂತ ಕತ್ತರಿಸಿ ಬಿಸಾಡಿದ ರಾಶಿಯೇ ದೊಡ್ಡದಾಗಿ ಕಂಡು ನನಗೇ ದಿಗಿಲಾಯಿತು. ಯಜಮಾನರು ಚಹಾದ ಲೋಟ ಹಿಡಿದು ಬಂದು, "ಮಾಡಾಕತ್ತೀಯೋ, ಮುಗಸಾಕತ್ತೀಯೋ?" ಎಂದು ಕೇಳಿ ಹೋದರು.

ನೀಲಮ್ಮ ರಜೆಯ ದಿನಗಳಲ್ಲಿ ಬಸ್ಸಿನಲ್ಲಿ ಬರುತ್ತಿದ್ದಳು. ಸೀರೆಯ ಮೇಲೆ ನನ್ನ ಹಳೆಯ ಖಾಕಿ ಕೋಟು ಹಾಕಿಕೊಂಡು, ವೈರ್ ಬ್ರಷ್ ಹಿಡಿದು ತುಕ್ಕು ಉಜ್ಜುತ್ತಿದ್ದಳು. ಒಂದು ದಿನವೂ "ಯಾವಾಗ ಆಗತದ" ಎಂದು ಕೇಳಲಿಲ್ಲ. ಆ ನಡುವೆ ದೇವದುರ್ಗದಲ್ಲಿ ಕಾರು ಕಲಿತು ಲೈಸೆನ್ಸೂ ಮಾಡಿಸಿಕೊಂಡಳು. ಇಂಜಿನ್ ಕೆಲಸಕ್ಕೆ ನನ್ನ ಹಳೆಯ ಪರಿಚಯದ ಖಾಜಾ ಮಿಸ್ತ್ರಿ ಬಂದರು. ಬಾನೆಟ್ ಎತ್ತಿ ನೋಡಿ, "ಇಂಜಿನ್ ಸತ್ತಿಲ್ರಿ ಮೇಡಂ, ಬೇಹೋಶ್ ಆಗ್ಯಾದ," ಎಂದು ಅದನ್ನು ಹೊತ್ತುಕೊಂಡು ಹೋದರು.

ಸಂಕ್ರಾಂತಿಯ ಹೊತ್ತಿಗೆ ಬಲಗಡೆ ಮುಗಿದಿತ್ತು. ಎಡಗಡೆಯ ಹೊಸ ಸಿಲ್ಲನ್ನು ಅಲ್ಲಲ್ಲಿ ಚುಕ್ಕೆಯಂತೆ ಬೆಸೆದು ಕೂರಿಸಿದ್ದೆ. ಇದಕ್ಕೆ ಟ್ಯಾಕ್ ಎನ್ನುತ್ತೇವೆ. ಪೂರ್ತಿ ಬೆಸೆಯುವ ಮುಂಚೆ ಬಾಗಿಲು ಸರಿಯಾಗಿ ಕೂರುತ್ತದೆಯೇ ನೋಡಬೇಕಿತ್ತು. ಆಸರೆಯ ಪೈಪು ತೆಗೆದು ಬಾಗಿಲು ತೂಗುಹಾಕಿದೆ. ಎಲ್ಲ ಬಾಗಿಲೂ ಒಂದೇ ಸದ್ದಿನಲ್ಲಿ ಮುಚ್ಚಿಕೊಂಡವು. ಆ ಸಂತೋಷದಲ್ಲಿ ಆಸರೆಯನ್ನು ಮತ್ತೆ ಬೆಸೆಯದೆಯೇ ಮರುದಿನ ಭಾನುವಾರ ದೇವದುರ್ಗದಲ್ಲಿ ನಮ್ಮವರ ಮನೆಯ ಕಾರ್ಯಕ್ರಮಕ್ಕೆ ಹೋದೆ.

ಸಂಜೆ ಬಂದು ನೋಡಿದರೆ ಎಡಗಡೆಯ ಬಾಗಿಲು ಮುಚ್ಚುತ್ತಿಲ್ಲ. ಮೇಲ್ಭಾಗದ ಸಂದಿಯಲ್ಲಿ ಬೆರಳು ತೂರುತ್ತಿದೆ. ಟ್ಯಾಕುಗಳು ಹರಿದು ಮೈ ನಡುವಿನಲ್ಲಿ ಕುಸಿದಿತ್ತು. ಶರಣಪ್ಪ ಮನೆಯವರನ್ನೂ ಬೀಗರನ್ನೂ ಕರೆದುಕೊಂಡು ಗಾಡಿ ನೋಡಲು ಬಂದವರು ಇನ್ನೂ ಅಲ್ಲೇ ಇದ್ದರು. ನಮ್ಮ ಯಜಮಾನರು ತಮ್ಮ ಇಲಾಖೆಯ ಕೆಲಸ ಚೆನ್ನಾಗಿ ನಡೆಸಿ, ಎಲ್ಲರಿಗೂ ಚಹಾ ಕೊಟ್ಟಿದ್ದರು.

"ಯಾರಾದ್ರೂ ಒಳಗ ಕುಂತಿದ್ರೇನು?" ಎಂದೆ. ಶರಣಪ್ಪ ಆಕಾಶ ನೋಡಿದರು. ಯಜಮಾನರು ಲೋಟ ನೋಡಿದರು.

"ಎಲ್ಲಾರೂ ಕುಂತಿದ್ವಿ ಅಕ್ಕಾರ. ಸೀಟ್ ಇರ್ಲಿಲ್ಲಂತ ಒಳಗ ಬೆಂಚ್ ಹಾಕ್ಕೊಂಡು ಫೋಟೋ ತಕ್ಕೊಂಡ್ವಿ. ನಾನೂ ಕುಂತಿದ್ದೆ." ಹಾಗೆಂದವಳು ಶರಣಪ್ಪನ ಹೆಂಡತಿ ಲಕ್ಷ್ಮವ್ವ. ಆ ದಿನ ಅವಳು ಆಡಿದ್ದು ಅಷ್ಟೇ ಮಾತು.

ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮುಂದಿನ ರಜೆಗೆ ಬಂದ ನೀಲಮ್ಮ ಕಾರು ನೋಡಿ ನೆಲದ ಮೇಲೆ ಕೂತುಬಿಟ್ಟಳು. ಯುಗಾದಿಗೆ ಎರಡು ತಿಂಗಳೂ ಇರಲಿಲ್ಲ.

"ಬಾಗಿಲಾ ಬಡದು ಕೂಡಿಸಾಕ ಬರಂಗಿಲ್ಲೇನ್ರಿ?"

"ಬರ್ತದ. ಓಡಾಕತ್ತಾಗ ಒಂದಿನ ತಾನಾಗೇ ತೆರಕೊಳ್ತದ. ಆಗ ಒಳಗ ನೀ ಇರ್ತಿ."

ಅವಳು ಎದ್ದು ಕೋಟು ಹಾಕಿಕೊಂಡಳು. ಸಿಲ್ಲನ್ನು ಮತ್ತೆ ಕತ್ತರಿಸಿ ತೆಗೆದೆವು. ಜಾಕ್ ಕೊಟ್ಟು ಮೈಯನ್ನು ಕೂದಲೆಳೆಯಷ್ಟೇ ಮೇಲೆತ್ತುವುದು, ಅಳೆಯುವುದು, ಮತ್ತೆ ಎತ್ತುವುದು. ಹೀಗೆ ಮೊದಲಿನ ನೇರಕ್ಕೆ ತಂದು ಆಸರೆ ಬೆಸೆದು, ಹೊಸದಾಗಿ ಶುರು ಮಾಡಿದೆವು. ಯಜಮಾನರ ಕೈಗೆ ಶೆಡ್ಡಿನ ಬೀಗದ ಕೈ ಮತ್ತೆ ಸಿಗಲಿಲ್ಲ. ಶಿವರಾತ್ರಿ ಕಳೆದು ಕೆಲವೇ ದಿನಕ್ಕೆ ಖಾಜಾ ಮಿಸ್ತ್ರಿ ಇಂಜಿನ್ ತಂದು ಕೂರಿಸಿದರು. ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಅದು ಹಿಡಿದುಕೊಂಡಾಗ, ನೀಲಮ್ಮ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು, ತಪ್ಪನ್ನು ಹೊಗೆಯ ಮೇಲೆ ಹಾಕಿದೆ.

ಆದರೆ ಆ ಫೋಟೋ ಅಷ್ಟರಲ್ಲಿ ತನ್ನ ಕೆಲಸ ಮಾಡಿತ್ತು. ಶರಣಪ್ಪ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದರಂತೆ. ಮದುವೆಯ ಮೆರವಣಿಗೆಗೆ ಬಾಡಿಗೆ ಕೊಡುತ್ತೀರಾ ಎಂದು ಜನ ಕೇಳತೊಡಗಿದ್ದರು. ಕಾರು ಮಗಳ ಹೆಸರಿಗೆ ಆಗಬೇಕಾದರೆ ಇನ್ನೊಬ್ಬ ವಾರಸುದಾರನಾದ ಅಣ್ಣನ ಒಪ್ಪಿಗೆ ಸಹಿ ಬೇಕು. ಆ ಸಹಿ ಕೇಳಿದ ದಿನ ಶರಣಪ್ಪ ನಮ್ಮ ಹಿತ್ತಲಿಗೆ ಬಂದು ಕಾರಿನ ಸುತ್ತ ಎರಡು ಸುತ್ತು ಹಾಕಿ, "ಅಪ್ಪನ ನೆನಪು ಮನ್ಯಾಗೇ ಇರ್ಲಿ ತಂಗಿ. ನಿನಗ ರೇಷ್ಮಿ ಸೀರಿ ಕೊಡಸ್ತೀನಿ," ಎಂದರು.

ನೀಲಮ್ಮ ಕೈಯಲ್ಲಿದ್ದ ಬಟ್ಟೆಯಿಂದ ಕನ್ನಡಿ ಒರೆಸುತ್ತಲೇ ಇದ್ದಳು. "ಆತು. ಗಾಡಿ ನೀನೇ ಇಟ್ಕೋ," ಎಂದಳು. "ನಾಳೆ ಸರ್ವೇದಾರನ್ನ ಕರಸು. ಹೊಲದಾಗ ನನ್ನ ಪಾಲು ಅಳತಿ ಮಾಡ್ಸಿ ಕೊಡು."

ಶರಣಪ್ಪ ಪೆನ್ನು ಕೇಳಿದರು. ಕೊಡಲು ನಾನು ತಡಮಾಡಲಿಲ್ಲ.

ಆರ್‌ಟಿಓ ತಪಾಸಣೆಯಲ್ಲಿ ಇನ್ಸ್‌ಪೆಕ್ಟರು ನೆಲಕ್ಕೆ ಬಗ್ಗಿ, ಟಾರ್ಚು ಹಿಡಿದು, ಸಿಲ್ಲನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. ಎದ್ದು ಕೈ ಕೊಡವಿ ಪಾಸ್ ಎಂದರು. ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ನೀಲಮ್ಮ ಚೀಕಲಪರ್ವಿಗೆ ಹೊರಟಳು. ಪಕ್ಕದ ಸೀಟಿನಲ್ಲಿ ನಾನು. ಮಾನ್ವಿ ದಾಟುವವರೆಗೆ ನನ್ನ ಕಿವಿಯೆಲ್ಲ ಎಡಗಡೆಯ ಬಾಗಿಲಿನ ಮೇಲಿತ್ತು. ಅದು ಒಂದು ಸಲವೂ ಗೊಣಗಲಿಲ್ಲ.

ಊರಲ್ಲಿ ಹಿರಿಯರು ಕೂಡಿದ್ದರು. ಶರಣಪ್ಪ ಹಕ್ಕು ಬಿಡುವ ಪತ್ರವನ್ನು ತಂದು ಬಾನೆಟ್ಟಿನ ಮೇಲೆಯೇ ಹರವಿದರು. ಅಣ್ಣ ಮಾತು ಮುರಿಯಲು ನೋಡಿದ್ದನ್ನು ಕಣ್ಣಾರೆ ಕಂಡಿದ್ದೆ. ಆದರೆ ಮಾತು ಕೊಟ್ಟವಳು ನೀಲಮ್ಮ, ನಾನು ಬೆಸೆಯಲು ಬಂದವಳು. ನೀಲಮ್ಮ ಪೆನ್ನಿನ ಮುಚ್ಚಳ ತೆಗೆದಳು.

ಪತ್ರದ ಮೇಲೆ ಒಂದು ಕೈ ಬಂತು. ಲಕ್ಷ್ಮವ್ವನದು.

"ಹಾಕಬ್ಯಾಡ ನೀಲವ್ವ," ಎಂದಳು.

"ಏನ್ ಮಾಡಾಕತ್ತಿ ನೀನು? ಒಳಗ ನಡಿ," ಎಂದರು ಶರಣಪ್ಪ.

ಅವಳು ಕೈ ತೆಗೆಯಲಿಲ್ಲ. "ನಾನೂ ಸೀರಿ ಉಟ್ಕೊಂಡು ಸಹಿ ಹಾಕಿ ಬಂದಾಕಿ. ಅವತ್ತಿಂದ ತವರಿಗೆ ಹೋದ್ರ ಚಾ ಕುಡ್ದು ಎದ್ದು ಬರ್ತೀನಿ. ಇವತ್ತೊಂದಿನ ಇರು ಅಂತ ಯಾರೂ ಅಂದಿಲ್ಲ. ಈ ಮನ್ಯಾಗ ಇನ್ನೊಬ್ಬಾಕಿ ಹಂಗ ಎದ್ದು ಹೋಗೋದು ನಾ ನೋಡಂಗಿಲ್ಲ."

ಶರಣಪ್ಪ ಹೆಂಡತಿಯನ್ನು ನೋಡಿದರು, ತಂಗಿಯನ್ನು ನೋಡಿದರು. ಕೊನೆಗೆ ಪತ್ರವನ್ನು ತಾವೇ ಮಡಚಿ ಜೇಬಿಗಿಟ್ಟುಕೊಂಡು, "ಊಟಕ್ಕ ಏಳ್ರಿ," ಎಂದರು. ಹೊಲ ಇವತ್ತಿಗೂ ಇಬ್ಬರ ಹೆಸರಿನಲ್ಲೇ ಇದೆ.

ಕೆಲಸ ಮುಗಿಯಿತು ಎಂದು ಯಾವಾಗ ಹೇಳಬೇಕು ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಿದ್ದರು. ಅಳತೆ ಸರಿ ಬಂದಾಗ ಎನ್ನುತ್ತಿದ್ದೆ. ಈಗ ಯಾರಾದರೂ ಕೇಳಿದರೆ, ವಸ್ತು ನಮ್ಮ ಶೆಡ್ ಬಿಟ್ಟು ಹೋದ ಮೇಲೆ ಅದರಿಂದ ಯಾರಿಗೆ ಏನಾಯಿತು ಎಂದು ತಿಳಿಯುವವರೆಗೆ ಕಾಯಿರಿ ಎನ್ನುತ್ತೇನೆ. ನನಗೆ ಅದು ತಿಳಿದದ್ದು ಯುಗಾದಿ ಕಳೆದು ಒಂದು ತಿಂಗಳಿಗೆ, ನೀಲಮ್ಮನ ಫೋನಿನಲ್ಲಿ.

"ಅಕ್ಕಾರ, ಅತ್ತಿಗಿನ ಕರಕೊಂಡು ಯರಗೇರಾ ಊರಿಗೆ ಹೋಗಿದ್ದೆ, ಅವರ ತವರಿಗೆ. ನಮ್ಮ ಗಾಡ್ಯಾಗ."

"ಚಾ ಕುಡ್ದು ಬಂದ್ರೇನು?"

"ನಾ ಕುಡ್ದು ಬಂದೆ. ಅತ್ತಿಗಿ ಅಲ್ಲೇ ಉಳದಾರ. ಎಂಟು ದಿನ ಬಿಟ್ಟು ಕರಿಯಾಕ ಬಾ ಅಂದಾರ."