ಎಲೆ-ಅಡಿಕೆ ಬಾರದ ಜಿನ್ನು

೧೯೭೪ರಲ್ಲಿ ನಾನು ಕಾರ್ಮಿಕ ನಿರೀಕ್ಷಕ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳ ದುಡಿಯುವ ಜನರ ಕ್ಷೇಮವನ್ನು ಸರ್ಕಾರ ನನಗೂ ಒಂದು ಸೈಕಲ್ಲಿಗೂ ಒಪ್ಪಿಸಿತ್ತು. ಸೈಕಲ್ಲು ಹೆಚ್ಚಾಗಿ ರಿಪೇರಿಯಲ್ಲಿರುತ್ತಿದ್ದುದರಿಂದ ಹೊಣೆಯ ದೊಡ್ಡ ಪಾಲು ನನ್ನದೇ.

ಸಿಂದಗಿ ಕಡೆಯ ಒಂದೂರಿನಲ್ಲಿ ಹಳೆಯ ಜಿನ್ನು ಇತ್ತು. ಹತ್ತಿಯಿಂದ ಕಾಳು ಬಿಡಿಸಿ ಅರಳೆ ತೆಗೆಯುವ ಕಾರ್ಖಾನೆಗೆ ನಮ್ಮಲ್ಲಿ ಹಾಗನ್ನುತ್ತಾರೆ. ಹತ್ತಿ ಮುಗಿದ ಮೇಲೆ ಬಾಗಿಲು ಹಾಕಿ, ಮರುವರ್ಷ ಹತ್ತಿ ಬಂದಾಗ ತೆರೆಯುತ್ತಿತ್ತು. ತೆರೆಯುವ ಮುನ್ನ ಮಾಲೀಕರಾದ ಸಾವಕಾರರ ಮನೆಯಿಂದ ಕೆಲಸಗಾರರ ಮನೆಮನೆಗೂ ಎಲೆ-ಅಡಿಕೆ ಹೋಗಬೇಕು. ಅದೇ ಕರೆ. ಅಜ್ಜಂದಿರ ಕಾಲದ ಪದ್ಧತಿ.

ಆ ವರ್ಷ ಹತ್ತಿ ಬಂತು, ಎಲೆ-ಅಡಿಕೆ ಬರಲಿಲ್ಲ. ಸಾವಕಾರರಿಗೆ ಆ ಜಾಗದಲ್ಲಿ ಸಿನಿಮಾ ಟಾಕೀಸು ಕಟ್ಟುವ ಮನಸ್ಸಾಗಿತ್ತು. ಆದರೆ ಕಾರ್ಖಾನೆ ಮುಚ್ಚಿದರೆ ಕೆಲಸಗಾರರಿಗೆ ಪರಿಹಾರ ಕೊಡಬೇಕು. ತೆರೆದಿದ್ದೂ ಅವರೇ ಒಂದು ತಿಂಗಳು ಬಾರದಿದ್ದರೆ ತಾವಾಗಿ ಕೆಲಸ ಬಿಟ್ಟಂತೆ; ಏನೂ ಕೊಡಬೇಕಿಲ್ಲ. ಆದ್ದರಿಂದ ಸಾವಕಾರರು ಜಿನ್ನು ಮುಚ್ಚಲಿಲ್ಲ. ಗೇಟು ತೆರೆದಿಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು.

“ಗೇಟ್ ತಗದೇನ್ರಿ ಸಾಹೇಬ್ರ. ಮಂದಿ ಬರವಲ್ರು. ಹೆಗಲ ಮ್ಯಾಲೆ ಹೊತ್ಕೊಂಡ ಬರ್ಲೇನು?” ಎಂದರು.

ಯಂತ್ರಕ್ಕೆ ಹತ್ತಿ ಉಣಿಸುವ ಹೆಂಗಸರಲ್ಲಿ ಹಿರಿಯರು ಹುಸೇನಬಿ. ಅವರ ಮಾತನ್ನು ಉಳಿದವರು ಮೀರುತ್ತಿರಲಿಲ್ಲ. ತಿಂಗಳು ಮುಗಿಯುವುದರೊಳಗೆ ಎಲ್ಲರೂ ಒಮ್ಮೆ ಗೇಟಿನ ಮುಂದೆ ನಿಂತು ಕೆಲಸ ಕೇಳಿರಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಅವರಲ್ಲಿ ಅಂಗಲಾಚಿದೆ.

“ಎಲಿ-ಅಡಿಕಿ ಬರದ ಹೆಂಗ ಹೋಗೂದ್ರಿ? ಕರೀದ ಮದಿವ್ಯಾಗ ಉಣ್ಣಾಕ ಕುಂತಂಗ ಆಗ್ತೈತಿ.”

ಕಾಯ್ದೆಯಲ್ಲಿ ಎಲೆ-ಅಡಿಕೆಯ ಮಾತೇ ಇಲ್ಲವೆಂದೆ. ಹಾಗಿದ್ದರೆ ಕಾಯ್ದೆ ಬರೆದವರಿಗೆ ರೀತಿ ಗೊತ್ತಿಲ್ಲ ಎಂದರು. ಕರೆ ಕಳಿಸದಿರುವುದನ್ನೇ ಮುಚ್ಚುಗಡೆ ಎಂದು ಪರಿಗಣಿಸಬೇಕೆಂದು ಮೇಲಿನ ಕಚೇರಿಗೆ ಬರೆದೆ. ಅಲ್ಲಿಯವರು ಸದರಿ ಎಲೆ-ಅಡಿಕೆಯನ್ನು ಯಾವ ಇಲಾಖೆ ಪೂರೈಸುತ್ತದೆ ಎಂದು ಮೂರು ಪ್ರತಿಗಳಲ್ಲಿ ವಿವರಣೆ ಕೇಳಿದರು. ಸಾವಕಾರರ ಕುರ್ಚಿಗೂ ಹುಸೇನಬಿಯ ಕಟ್ಟೆಗೂ ನಡುವೆ ಓಡಾಡಿ ನನ್ನ ಚಪ್ಪಲಿ ಸವೆಯಿತು.

ತಿಂಗಳ ಕೊನೆಗೆ ತಾಳ್ಮೆಯೂ ಸವೆಯಿತು. ಮಾನ ಹಿಡಿದುಕೊಂಡು ಮನೆಯಲ್ಲೇ ಕೂತಿರಿ, ಮುಂದೆ ಟಿಕೆಟ್ ತೆಗೆಸಿ ಅದೇ ಜಾಗಕ್ಕೆ ಹೋಗುವಿರಂತೆ ಎಂದು ಕೂಗಾಡಿದೆ.

ಹುಸೇನಬಿ ಸಿಟ್ಟಾಗಲಿಲ್ಲ. “ಅವರು ಕರೀಲಿಲ್ಲಂದ್ರ, ನಾವ ಅವರನ್ನ ಕರದ್ರ ನಡೀತೈತೇನ್ರಿ?”

ಮರುದಿನ ಬೆಳಿಗ್ಗೆ ಕೆಲಸಗಾರರೆಲ್ಲ ತಾಟಿನಲ್ಲಿ ಎಲೆ-ಅಡಿಕೆ ಇಟ್ಟುಕೊಂಡು ಸಾವಕಾರರ ಮನೆಗೇ ಹೋದರು; ಹಿಂದೆ ನಾನೂ ಹೋದೆ. ಪಡಸಾಲೆಯಲ್ಲಿ ಬೀಗರು ಕುಳಿತಿದ್ದರು. ಅವರೆದುರು ತಾಟು ನೂಕುವುದು ಹೇಗೆ? ಸಾವಕಾರರು ಎದ್ದು ನಿಂತು ಎರಡೂ ಕೈಯಿಂದ ತೆಗೆದುಕೊಂಡರು.

“ನಾಳಿ ಜಿನ್ ಚಾಲೂ ಮಾಡಾಕ ಬರ್ರಿ ಸಾವಕಾರ್ರ,” ಎಂದರು ಹುಸೇನಬಿ.

ಕೆಲಸಗಾರರು ಕೆಲಸ ಕೇಳಿ ಹಾಜರಾದರು, ಮಾಲೀಕರು ಅವರನ್ನು ಯಥೋಚಿತ ಗೌರವದಿಂದ ಬರಮಾಡಿಕೊಂಡರು ಎಂದು ನಾನು ಅಲ್ಲೇ ನಿಂತು ವರದಿ ಬರೆದೆ. ಇನ್ನು ಕೆಲಸಗಾರರೇ ಕೆಲಸ ಬಿಟ್ಟರೆನ್ನಲು ದಾರಿಯಿರಲಿಲ್ಲ; ಜಿನ್ನು ನಡೆಸಬೇಕು, ಇಲ್ಲವೇ ಮುಚ್ಚಿ ಪರಿಹಾರ ಕೊಡಬೇಕು. ಸಾವಕಾರರು ಜಿನ್ನು ಮುಚ್ಚಿದೆನೆಂದು ಒಪ್ಪಿ ಪರಿಹಾರಕ್ಕೆ ಸಹಿ ಹಾಕಿದರು.

ಸುದ್ದಿ ಹೇಳಲು ಸ್ವಲ್ಪ ಎದೆಯುಬ್ಬಿಸಿಯೇ ಹೋದೆ. ಜಿನ್ನು ಎಂದು ಶುರುವಾಗುತ್ತದೆ ಎಂದು ಹುಸೇನಬಿ ಕೇಳಿದರು. ಶುರುವಾಗುವುದಿಲ್ಲ, ಮುಚ್ಚಿದೆನೆಂದು ಅವರ ಬಾಯಿಂದ ಹೇಳಿಸಿದ್ದೇ ನಮ್ಮ ಗೆಲುವು ಎಂದೆ.

“ಚಾಲೂ ಮಾಡ್ರಿ ಅಂತ ಹೋಗಿ ಮುಚ್ಚಿಸ್ಕೊಂಡ ಬಂದ್ವಿ. ಇದಕ್ಕ ಗೆದ್ವಿ ಅಂತಾರೇನ್ರಿ ನಿಮ್ಮ ಕಚೇರ್ಯಾಗ?”

ನಮ್ಮ ಕಚೇರಿಯಲ್ಲಿ ಹಾಗೇ ಅನ್ನುತ್ತಿದ್ದರು. ಅಲ್ಲಿಂದಾಚೆಗೆ ಪ್ರಕರಣ ಗೆದ್ದೆವೆಂದು ಹೇಳುವ ಮುನ್ನ, ಕೆಲಸಗಾರರು ಕೇಳಿದ್ದೇನು ಎಂದು ನೆನಪಿಸಿಕೊಳ್ಳುವುದನ್ನು ಕಲಿತೆ. ಕಲಿತ ಮೇಲೆ, ಹಾಗೆ ಹೇಳುವ ಸಂದರ್ಭಗಳು ಬಹಳ ಕಡಿಮೆಯಾದವು.